ಅಂಚೆಯ ಯಾಂತ್ರಿಕ ವಿಂಗಡಣೆಯಲ್ಲಿ ಕಾಂತಶಾಯಿಯ ಪತ್ತೆ

ಮುಚ್ಚಿದ ಲಕೋಟೆಯನ್ನು ಒಡೆಯದೆ, ಬೆಳಕಿಗೆ ಹಿಡಿಯದೆ, ಅದರೊಳಗೆ ಅಯಸ್ಕಾಂತ ಗುಣವುಳ್ಳ ಶಾಯಿಯಿಂದ ಮುದ್ರಿತವಾದ ಕಾಗದವುಂಟೋ ಇಲ್ಲವೋ ಎಂಬುದನ್ನು, ಲಕೋಟೆಯು ವಿಂಗಡಣಾ ಯಂತ್ರದ ಪಟ್ಟಿಗಳ ನಡುವೆ ಓಡುತ್ತಿರುವಾಗಲೇ ಸಂವೇದಕಗಳಿಂದ ನಿರ್ಣಯಿಸುವ ವಿಧಾನ. ಇಂಥ ಶಾಯಿಯನ್ನು ಧರಿಸಿ ಅಂಚೆಯಲ್ಲಿ ಸಂಚರಿಸುವ ಕಾಗದಗಳಲ್ಲಿ ಮುಖ್ಯವಾದದ್ದು ಬ್ಯಾಂಕಿನ ಚೆಕ್ಕು. ಆದುದರಿಂದ ಈ ವಿಧಾನದ ಪ್ರಯೋಜನವೆಲ್ಲವೂ, ದಿನಂಪ್ರತಿ ಸಹಸ್ರಾರು ಲಕೋಟೆಗಳನ್ನು ಪಡೆಯುವ ಸಂಸ್ಥೆಯೊಂದು ಚೆಕ್ಕುಳ್ಳವನ್ನೂ ಬರಿಯ ಪತ್ರವುಳ್ಳವನ್ನೂ ತೆರೆಯುವ ಮುನ್ನವೇ ಬೇರ್ಪಡಿಸಿಕೊಳ್ಳುವುದರಲ್ಲಿ ಅಡಗಿದೆ. ಹೆಸರಿನಲ್ಲಿ ಅಂಚೆಯಿದ್ದರೂ ಇದು ಅಂಚೆ ಇಲಾಖೆಯ ವಿದ್ಯೆಯಲ್ಲ, ಬಟವಾಡೆಯಾದ ಮೇಲೆ ಟಪಾಲನ್ನು ಬಿಚ್ಚುವವರ ವಿದ್ಯೆ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ಶಾಯಿಗೆ ಕಾಂತತ್ವವನ್ನು ಕೊಡುವ ವಸ್ತು ಕಬ್ಬಿಣದ ಆಕ್ಸೈಡು. ಪ್ರಕೃತಿಯಲ್ಲಿ ಮ್ಯಾಗ್ನೆಟೈಟ್ ಎಂಬ ಅದಿರಾಗಿ ದೊರೆಯುವ, ನಮ್ಮ ಹಿರಿಯರು ಸೂಜಿಗಲ್ಲೆಂದು ಕರೆದ ಆ ದ್ರವ್ಯವೇ ಸೂಕ್ಷ್ಮಚೂರ್ಣವಾಗಿ ಕಪ್ಪುಶಾಯಿಯಲ್ಲಿ ಬೆರೆತಿರುತ್ತದೆ. ಕರ್ನಾಟಕದವರಿಗೆ ಈ ಅದಿರು ಅಪರಿಚಿತವಲ್ಲ; 1976ರಲ್ಲಿ ಸ್ಥಾಪನೆಗೊಂಡ ಕುದುರೆಮುಖದ ಗಣಿ ಸಂಸ್ಥೆಯು 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಲ್ಲುವ ತನಕ ಅಗೆದು ತೆಗೆದದ್ದು ಬಹುಮಟ್ಟಿಗೆ ಇದನ್ನೇ. ಶಾಯಿಯಲ್ಲಿರುವ ಚೂರ್ಣವು ತಾನಾಗಿ ಅಯಸ್ಕಾಂತವಲ್ಲ. ಬಲವಾದ ಅಯಸ್ಕಾಂತವೊಂದರ ಸಮೀಪದಲ್ಲಿ ಹಾದುಹೋದ ಮೇಲೆ ಅದು ಆ ಗುಣವನ್ನು ಸ್ವಲ್ಪಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರವು ಓದುವುದು ಹೀಗೆ ಹಿಡಿದಿಟ್ಟ ಗುಣವನ್ನು.

1950ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳು ಚೆಕ್ಕುಗಳ ಮಹಾಪ್ರವಾಹದಲ್ಲಿ ಮುಳುಗುವ ಸ್ಥಿತಿಗೆ ಬಂದಾಗ, ಬ್ಯಾಂಕ್ ಆಫ್ ಅಮೆರಿಕದ ಕೋರಿಕೆಯಂತೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯವರು ಎರ್ಮಾ ಎಂಬ ಲೆಕ್ಕಯಂತ್ರವನ್ನು ರೂಪಿಸಿದರು. ಅದರ ಅಂಗವಾಗಿಯೇ, ಕೆನ್ನೆತ್ ಎಲ್ಡ್ರೆಜ್ ಎಂಬವರ ಮುಖ್ಯ ಪರಿಶ್ರಮದಿಂದ, ಎಂ.ಐ.ಸಿ.ಆರ್. ಎಂದು ಇಂದು ಪ್ರತಿಯೊಬ್ಬ ಖಾತೆದಾರನ ಬಾಯಲ್ಲಿಯೂ ಬರುವ ಅಕ್ಷರಗ್ರಹಣ ಪದ್ಧತಿಯು ಹುಟ್ಟಿತು. ಭಾರತವೂ ಅಮೆರಿಕವೂ ಅಂಗೀಕರಿಸಿರುವ ಅಕ್ಷರಮಾಲೆಗೆ ಇ-13ಬಿ ಎಂದು ಹೆಸರು. ಫ್ರಾನ್ಸಿನ ಬುಲ್ ಕಂಪನಿಯು ನಿರ್ಮಿಸಿದ ಸಿ.ಎಂ.ಸಿ.-7 ಎಂಬುದು ಬೇರೆ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇ-13ಬಿಯಲ್ಲಿ ಹತ್ತು ಅಂಕಿಗಳೂ ನಾಲ್ಕು ಚಿಹ್ನೆಗಳೂ ಸೇರಿ ಒಟ್ಟು 14 ರೂಪಗಳುಂಟು. ಹೆಸರಿನಲ್ಲಿರುವ 13 ಎಂಬ ಸಂಖ್ಯೆಯು ಒಂದು ಇಂಚಿನ ಸಾವಿರದಲ್ಲಿ ಹದಿಮೂರು ಪಾಲಿನ (0.013 ಇಂಚಿನ) ಚೌಕಳಿಯ ಮೇಲೆ ಅಕ್ಷರಗಳನ್ನು ಎಳೆದಿರುವುದನ್ನು ಸೂಚಿಸುತ್ತದೆ. ಅಂಕಿಗಳ ಆಕಾರವು ಕೆಲವೆಡೆ ದಪ್ಪ, ಕೆಲವೆಡೆ ತೆಳು, ನೋಡಲು ವಿಕಾರ. ಕಣ್ಣಿಗೆ ಹಿತವಾಗಿರುವುದು ಅದರ ಉದ್ದೇಶವೇ ಅಲ್ಲ. ಪ್ರತಿಯೊಂದು ಅಂಕಿಯೂ ಸಂವೇದಕದ ಮುಂದೆ ಹಾದುಹೋಗುವಾಗ ಮಿಕ್ಕವುಗಳಿಂದ ಭಿನ್ನವಾದ ವಿದ್ಯುತ್ ತರಂಗವನ್ನು ಎಬ್ಬಿಸಬೇಕೆಂಬುದೊಂದೇ ಅದರ ಉದ್ದೇಶ.

ಭಾರತದಲ್ಲಿ, 1980ರ ದಶಕದ ಆದಿಯಲ್ಲಿ ವೈ. ಬಿ. ದಾಮ್ಲೆ ಅವರ ಅಧ್ಯಕ್ಷತೆಯ ತಂಡವು ಮಾಡಿದ ಶಿಫಾರಸನ್ನು ಅನುಸರಿಸಿ, ರಿಸರ್ವ್ ಬ್ಯಾಂಕು 1986ರಲ್ಲಿ ಮುಂಬಯಿಯಲ್ಲಿ ಕಾಂತಶಾಯಿಯ ಚೆಕ್ಕುಗಳ ಯಾಂತ್ರಿಕ ತೀರುವೆಯನ್ನು ಆರಂಭಿಸಿತು. ಉಳಿದ ಮಹಾನಗರಗಳು ಮುಂದಿನ ಕೆಲವು ವರ್ಷಗಳಲ್ಲಿ ಹಿಂಬಾಲಿಸಿದವು. ನಮ್ಮ ಚೆಕ್ಕಿನ ಕೆಳ ಅಂಚಿನಲ್ಲಿ ಬಿಳಿಯದಾಗಿ ಬಿಟ್ಟಿರುವ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಚೆಕ್ಕಿನ ಆರಂಕಿಯ ಸಂಖ್ಯೆ, ಬ್ಯಾಂಕು ಶಾಖೆಯನ್ನು ಸೂಚಿಸುವ ಒಂಬತ್ತು ಅಂಕಿ, ಖಾತೆಗೆ ಸಂಬಂಧಿಸಿದ ಆರು ಅಂಕಿ, ವ್ಯವಹಾರದ ಬಗೆಯನ್ನು ತಿಳಿಸುವ ಎರಡಂಕಿ, ಹೀಗೆ ಸಾಲಾಗಿ ನಿಂತಿರುತ್ತವೆ. ಇವುಗಳಲ್ಲಿ ನಡುವಿನ ಒಂಬತ್ತು ಅಂಕಿಗಳು ಈ ಲೇಖನಕ್ಕೆ ವಿಶೇಷವಾಗಿ ಸಂಬಂಧಪಟ್ಟವು. ಮೊದಲ ಮೂರು ಊರನ್ನೂ, ನಡುವಿನ ಮೂರು ಬ್ಯಾಂಕನ್ನೂ (ಸ್ಟೇಟ್ ಬ್ಯಾಂಕಿಗೆ 002, ಕೆನರಾ ಬ್ಯಾಂಕಿಗೆ 015), ಕೊನೆಯ ಮೂರು ಶಾಖೆಯನ್ನೂ ಹೇಳುತ್ತವೆ. ಊರಿನ ಮೂರಂಕಿಗಳನ್ನು ರಿಸರ್ವ್ ಬ್ಯಾಂಕು ಹೊಸದಾಗಿ ಕಲ್ಪಿಸಲಿಲ್ಲ. ಅಂಚೆಯವರು ಆಗಲೇ ಬಳಸುತ್ತಿದ್ದ ಪಿನ್‌ಕೋಡಿನ ಮೊದಲ ಮೂರಂಕಿಗಳನ್ನೇ ತೆಗೆದುಕೊಂಡಿತು. ಹೀಗಾಗಿ ಗದಗದ ಟಪಾಲು ಯಾವ 582ರಿಂದ ಆರಂಭವಾಗುವುದೋ, ಗದಗದ ಚೆಕ್ಕಿನ ಕಾಂತರೇಖೆಯ ಊರಸಂಖ್ಯೆಯೂ ಅದೇ 582. ಲಕೋಟೆಯ ಮೇಲೆ ಸಾಮಾನ್ಯ ಮಸಿಯಲ್ಲಿಯೂ ಲಕೋಟೆಯ ಒಳಗೆ ಕಾಂತಶಾಯಿಯಲ್ಲಿಯೂ ಒಂದೇ ಸಂಖ್ಯೆ ಇರುವ ಈ ಸಂಯೋಗವನ್ನು ಬಲ್ಲವರು ಕಡಮೆ.

ಈ ಮೂರಂಕಿಗಳ ಬೆಲೆ ಎಷ್ಟೆಂಬುದಕ್ಕೆ ಇಟಗಿಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ರೋಣ, ಗಜೇಂದ್ರಗಡಗಳ ಸೀಮೆಯಲ್ಲಿ ಭೀಮಾಂಬಿಕೆಯ ಕ್ಷೇತ್ರವೆಂದು ಭಕ್ತರು ನಡೆದುಕೊಳ್ಳುವ ಇಟಗಿಯೊಂದು. ಅಲ್ಲಿಂದ ಪೂರ್ವಕ್ಕೆ, ಕೊಪ್ಪಳ ಜಿಲ್ಲೆಯ ಕುಕನೂರಿನ ಬಳಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದಿಂದ ಪ್ರಸಿದ್ಧವಾದ ಇಟಗಿ ಮತ್ತೊಂದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಇನ್ನೊಂದು. ‘ಮು. ಪೋ. ಇಟಗಿ’ ಎಂದಷ್ಟೇ ಬರೆದ ಲಕೋಟೆಯು, ತಾಲ್ಲೂಕಿನ ಹೆಸರು ಮಳೆಯಲ್ಲಿ ತೊಯ್ದು ಅಳಿಸಿಹೋಗಿದ್ದರೆ, ಮೂರರಲ್ಲಿ ಯಾವ ಊರಿಗೆ ಹೋಗಬೇಕು? ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿ 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡು ಈ ಪ್ರಶ್ನೆಯನ್ನು ಮೂರನೆಯ ಅಂಕಿಗೆ ಬರುವಷ್ಟರಲ್ಲಿ ಬಗೆಹರಿಸಿಬಿಡುತ್ತದೆ: ಗದಗ ಜಿಲ್ಲೆಯ ಇಟಗಿಗೆ 582, ಕೊಪ್ಪಳದ್ದಕ್ಕೆ 583, ಖಾನಾಪುರದ್ದಕ್ಕೆ 591. ದೇವಿಯ ಭಕ್ತನು ಕಳುಹಿದ ಕಾಣಿಕೆಯ ಕಾಗದವು ಶಿಲ್ಪವನ್ನು ನೋಡಬಂದವರ ಊರಿಗೆ ಹೋಗದಿರುವುದು ಈ ಒಂದಂಕಿಯ ಅಂತರದಿಂದ.

ಇಷ್ಟಾದರೂ ಈ ಸೀಮೆಯ ಟಪಾಲನ್ನು ವಿಂಗಡಿಸುವುದು ಇಂದಿಗೂ ಕೈ ಮತ್ತು ಕಣ್ಣು. ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ರೈಲ್ವೆ ಮೇಲ್ ಸರ್ವಿಸಿನ ಎಚ್.ಬಿ. ವಿಭಾಗದಲ್ಲಿ ಸಾರ್ಟರು ಮರದ ಗೂಡುಗಳ ಮುಂದೆ ನಿಂತು, ಎಡಗೈಯಲ್ಲಿ ಲಕೋಟೆಗಳ ಕಟ್ಟನ್ನು ಹಿಡಿದು, ವಿಳಾಸವನ್ನು ಪೂರ್ತಿ ಓದುವ ಮೊದಲೇ ಬಲಗೈ ಗೂಡಿನತ್ತ ಚಾಚುವ ಚಾಕಚಕ್ಯವು ವರ್ಷಗಳ ಅಭ್ಯಾಸದಿಂದ ಬಂದದ್ದು. ಅಲ್ಲಿಂದ ಗದಗಕ್ಕೂ, ಗದಗದಿಂದ ರೋಣ, ನರಗುಂದ, ಗಜೇಂದ್ರಗಡಗಳಿಗೂ ಚೀಲಗಳು ಹಂಚಿಹೋಗಿ, ಹಳ್ಳಿಯ ಬಟವಾಡೆ ಗ್ರಾಮೀಣ ಡಾಕ್ ಸೇವಕನ ಸೈಕಲ್ಲನ್ನೋ ಮೋಟಾರುಸೈಕಲ್ಲನ್ನೋ ಏರುತ್ತದೆ. ಯಂತ್ರಗಳು ದೇಶದ ಅಂಚೆಗೆ ಬಂದದ್ದು ಮಹಾನಗರಗಳಲ್ಲಿ. 1993ರಲ್ಲಿ ಮುಂಬಯಿಯಲ್ಲಿಯೂ 1996ರಲ್ಲಿ ಚೆನ್ನೈಯಲ್ಲಿಯೂ ಸ್ವಯಂಚಾಲಿತ ಟಪಾಲು ಸಂಸ್ಕರಣ ಕೇಂದ್ರಗಳು ತೆರೆದವು, ಅನಂತರ ದೆಹಲಿಗೂ ಕೊಲ್ಕತ್ತಕ್ಕೂ ಇನ್ನೂ ವೇಗದ ಯಂತ್ರಗಳು ಬಂದವು. ಆದರೆ ಅವು ಓದುವುದು ಲಕೋಟೆಯ ಮೇಲಿನ ಪಿನ್‌ಕೋಡನ್ನೇ ಹೊರತು ಒಳಗಿನ ಯಾವುದನ್ನೂ ಅಲ್ಲ.

ಶಾಯಿಯ ಗುಣವನ್ನು ಹಿಡಿದು ಟಪಾಲನ್ನು ನಡೆಸಬಹುದೆಂಬ ಆಲೋಚನೆಯು ಅಂಚೆಯವರಿಗೆ ಹೊಳೆಯದಿರಲಿಲ್ಲ. 1957ರ ನವೆಂಬರ್ 19ರಂದು ಬ್ರಿಟನ್ನಿನ ಅಂಚೆಯವರು ಸೌತಾಂಪ್ಟನ್ ಪ್ರದೇಶದಲ್ಲಿ, ಹಿಂಬದಿಯಲ್ಲಿ ಗ್ರಾಫೈಟಿನ ಕರಿಗೆರೆಗಳುಳ್ಳ ಅಂಚೆಚೀಟಿಗಳನ್ನು ಮಾರಾಟಕ್ಕಿಟ್ಟರು. ಗ್ರಾಫೈಟು ವಿದ್ಯುದ್ವಾಹಕವಾದುದರಿಂದ, ಚೀಟಿಯು ಲಕೋಟೆಯ ಯಾವ ಮೂಲೆಯಲ್ಲಿ ಅಂಟಿದೆಯೆಂಬುದನ್ನು ಯಂತ್ರವು ತಿಳಿದು, ಲಕೋಟೆಯನ್ನು ತಿರುಗಿಸಿ, ಠಸ್ಸೆಯನ್ನು ಸರಿಯಾದ ಸ್ಥಳದಲ್ಲಿಯೇ ಹೊಡೆಯುತ್ತಿತ್ತು. ಎರಡೇ ವರ್ಷಗಳಲ್ಲಿ ರಂಜಕದಂತೆ ಹೊಳೆಯುವ ಪಟ್ಟಿಗಳು ಗ್ರಾಫೈಟಿನ ಸ್ಥಾನಕ್ಕೆ ಬರತೊಡಗಿದವು. 1963ರಲ್ಲಿ ಅಮೆರಿಕದವರು ಡೇಟನ್ ನಗರದಲ್ಲಿ ಇಂತಹ ಹೊಳಪಿನ ಚೀಟಿಗಳನ್ನೇ ಪರೀಕ್ಷಿಸಿದರು. ವಿದ್ಯುತ್ತು ಸೋತು ಬೆಳಕು ಗೆದ್ದ ಈ ಸ್ಪರ್ಧೆಯಲ್ಲಿ ಅಯಸ್ಕಾಂತಕ್ಕೆ ಎಡೆಯಿರಲಿಲ್ಲ. ಲಕೋಟೆಯ ಹೊರಮೈಯನ್ನು ಓದುವುದಕ್ಕೆ ಬೆಳಕಿಗಿಂತ ಅಗ್ಗವಾದ, ದೂರದಿಂದ ಕೆಲಸಮಾಡುವ ಸಾಧನ ಬೇರೆ ಇಲ್ಲ. ಅಯಸ್ಕಾಂತಕ್ಕೆ ಎಡೆಯಾಗುವುದು ಬೆಳಕು ಹೋಗಲಾರದಲ್ಲಿ, ಎಂದರೆ ಲಕೋಟೆಯೊಳಗೆ.

ಪತ್ತೆಯ ಕ್ರಮವು ಕೇಳುವುದಕ್ಕೆ ಸರಳ. ಲಕೋಟೆಗಳು ಒಂದರ ಹಿಂದೊಂದಾಗಿ, ಅಂಚಿನ ಮೇಲೆ ನಿಂತು, ರಬ್ಬರು ಪಟ್ಟಿಗಳ ನಡುವೆ ಸಾಗುತ್ತವೆ. ಮೊದಲು ಸ್ಥಿರ ಅಯಸ್ಕಾಂತವೊಂದರ ಪಕ್ಕದಲ್ಲಿ ಹಾದು ಒಳಗಿನ ಶಾಯಿ ಕಾಂತತ್ವವನ್ನು ಪಡೆಯುತ್ತದೆ. ಒಡನೆಯೇ ಲಕೋಟೆಯನ್ನು ಉರುಳೆಗಳು ಸಂವೇದಕದ ಮೋರೆಗೆ ಒತ್ತಿಹಿಡಿಯುತ್ತವೆ. ಟೇಪ್‌ರೆಕಾರ್ಡರಿನ ಹೆಡ್ಡಿನ ಜಾತಿಗೆ ಸೇರಿದ ಸುರುಳಿಯ ಸಂವೇದಕವಾದರೆ, ಶಾಯಿಯ ಕ್ಷೇತ್ರವು ಬದಲಾಗುತ್ತಿದ್ದಾಗ ಮಾತ್ರ ಅದರಲ್ಲಿ ವಿದ್ಯುತ್ತು ಹುಟ್ಟುವುದರಿಂದ, ಲಕೋಟೆ ಓಡುತ್ತಿರಲೇಬೇಕು, ನಿಂತರೆ ಸಂವೇದಕಕ್ಕೆ ಏನೂ ಕಾಣದು. ಚೆಕ್ಕು ಲಕೋಟೆಯಲ್ಲಿ ಯಾವ ಭಂಗಿಯಲ್ಲಿ ಕುಳಿತಿದೆಯೆಂಬುದು ಮೊದಲೇ ತಿಳಿಯದು: ಕಾಂತರೇಖೆ ಮೇಲಿರಬಹುದು, ಕೆಳಗಿರಬಹುದು, ಮುಂದಕ್ಕೋ ಹಿಂದಕ್ಕೋ ಮುಖಮಾಡಿರಬಹುದು. ಅದಕ್ಕಾಗಿ ಹಾದಿಯ ಇಕ್ಕೆಲಗಳಲ್ಲಿಯೂ, ಬೇರೆಬೇರೆ ಎತ್ತರಗಳಲ್ಲಿ, ಸಂವೇದಕಗಳ ಸಾಲನ್ನೇ ನಿಲ್ಲಿಸಬೇಕಾಗುತ್ತದೆ. ಚೆಕ್ಕನ್ನು ಅಡ್ಡಡ್ಡಲಾಗಿ ಮಡಿಸಿದ್ದರಂತೂ ರೇಖೆಯು ಎರಡು ತುಂಡಾಗಿ ಒಂದರ ಮೇಲೊಂದು ಬೀಳುತ್ತದೆ.

ನಿಜವಾದ ಕಷ್ಟವಿರುವುದು ದೂರದಲ್ಲಿ. ಕಾಂತಮುದ್ರಿತ ರಚನೆಯೊಂದರಿಂದ ಹೊರಡುವ ಕ್ಷೇತ್ರವು, ಆ ರಚನೆ ಎಷ್ಟು ಸೂಕ್ಷ್ಮವೋ ಅಷ್ಟು ಶೀಘ್ರವಾಗಿ, ದೂರ ಹೆಚ್ಚಿದಂತೆ ಕ್ಷೀಣಿಸುತ್ತದೆಂಬುದು ಟೇಪಿನ ಮೇಲೆ ಧ್ವನಿಯನ್ನು ಮುದ್ರಿಸುವವರೆಲ್ಲರೂ ಬಲ್ಲ ನಿಯಮ. ರಚನೆಯ ಒಂದು ಆವರ್ತದಷ್ಟೇ ದೂರ ಸರಿದರೆ ಸಂಕೇತವು ಐನೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಬ್ಯಾಂಕಿನ ಯಂತ್ರದಲ್ಲಿ ಚೆಕ್ಕು ಸಂವೇದಕಕ್ಕೆ ನೇರವಾಗಿ ತಾಗಿಕೊಂಡೇ ಹೋಗುವುದರಿಂದ ಈ ತೊಂದರೆ ಅಲ್ಪ. ಲಕೋಟೆಯಲ್ಲಾದರೋ, ನಡುವೆ ಲಕೋಟೆಯ ಕಾಗದ, ಮಡಿಸಿದ ಬಿಲ್ಲಿನ ಎರಡು ಮೂರು ಪದರ, ಅವುಗಳ ನಡುವಿನ ಗಾಳಿ ಎಲ್ಲವೂ ಸೇರಿ ಅರ್ಧ ಮಿಲಿಮೀಟರಿನಷ್ಟು ಅಂತರ ಸಹಜವಾಗಿ ಬೀಳುತ್ತದೆ. ಇ-13ಬಿ ಅಂಕಿಯೊಳಗಿನ ಗೆರೆಗಳ ಏರಿಳಿತದ ಆವರ್ತ ಸುಮಾರು 0.66 ಮಿ.ಮೀ.; ಅರ್ಧ ಮಿ.ಮೀ. ದೂರದಲ್ಲಿ ಅದರ ಸಂಕೇತದಲ್ಲಿ ಉಳಿಯುವುದು ನೂರರಲ್ಲಿ ಒಂದು ಪಾಲಿಗೂ ಕಡಮೆ. ಆದರೆ ಅಂಕಿಯಿಂದ ಅಂಕಿಗಿರುವ ಅಂತರ ಇಂಚಿನ ಎಂಟನೆಯ ಒಂದು ಭಾಗ, ಎಂದರೆ ಸುಮಾರು 3.2 ಮಿ.ಮೀ.; ಇಷ್ಟು ದೊಡ್ಡ ಲಯವು ಅದೇ ದೂರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿಯೇ ಉಳಿದಿರುತ್ತದೆ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹಾದುಹೋಗುವವನಿಗೆ ಗೋಡೆಯಾಚೆಯ ಮಗ್ಗದ ಸದ್ದು ಕೇಳಿ ನೇಯ್ಗೆ ನಡೆದಿದೆಯೆಂಬುದು ತಿಳಿಯುವುದೇ ಹೊರತು ಸೀರೆಯ ದಡಿಯ ಬಣ್ಣ ತಿಳಿಯದಷ್ಟೆ. ಲಕೋಟೆಯೊಳಗೆ ಚೆಕ್ಕೊಂದಿದೆಯೆಂದು ಯಂತ್ರ ಬಲ್ಲುದು, ಅದು ಯಾರ ಖಾತೆಯದೆಂದು ಅರಿಯದು. ಈ ಅಜ್ಞಾನವು ಯಂತ್ರ ನಿರ್ಮಾಪಕರ ಸೌಜನ್ಯವಲ್ಲ, ಭೌತನಿಯಮದ ಕಟ್ಟಳೆ.

ಇರುವಿಕೆಯನ್ನಷ್ಟೇ ಹೇಳುವುದೆಂದರೂ ಭ್ರಾಂತಿಗೆ ಅವಕಾಶ ಬೇಕಾದಷ್ಟಿದೆ. ಕಾಗದಗಳಿಗೆ ಹೊಡೆದ ಸ್ಟೇಪ್ಲರ್ ಪಿನ್ನು, ಚುಚ್ಚಿದ ಗುಂಡುಪಿನ್ನು, ಸಿಕ್ಕಿಸಿದ ಕ್ಲಿಪ್ಪು ಇವು ಶಾಯಿಗಿಂತ ಎಷ್ಟೋ ಪಾಲು ಬಲವಾದ ಆದರೆ ಕ್ಷಣಿಕವಾದ ಸಂಕೇತವನ್ನು ಕೊಡುತ್ತವೆ. ಕ್ರೆಡಿಟ್ ಕಾರ್ಡಿನ ಬೆನ್ನಿನ ಕಪ್ಪುಪಟ್ಟಿಯು ಉದ್ದಕ್ಕೂ ಕೂಗುತ್ತದೆ. ಅಮೆರಿಕದ ಡಾಲರ್ ನೋಟುಗಳಲ್ಲಿಯೇ ಕಾಂತಶಾಯಿಯುಂಟು. ಇವೆಲ್ಲಕ್ಕಿಂತ ಹೆಚ್ಚಿನ ಕಿರುಕುಳ ಲೇಸರ್ ಮುದ್ರಣಯಂತ್ರದ್ದು: ಕಚೇರಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಒಂದು ಬಗೆಯ ಟೋನರು ತಾನೇ ಕಬ್ಬಿಣದ ಆಕ್ಸೈಡನ್ನು ಒಳಗೊಂಡಿರುವುದರಿಂದ, ಅದರಲ್ಲಿ ಮುದ್ರಿಸಿದ ಮಾಮೂಲಿ ಪತ್ರವೂ ಸಂವೇದಕದ ಮುಂದೆ ಚೆಕ್ಕಿನ ವೇಷ ಹಾಕುತ್ತದೆ. ಇವುಗಳನ್ನು ಬೇರ್ಪಡಿಸಲು ಯಂತ್ರವು ಸಂಕೇತದ ಬಲವನ್ನಲ್ಲ, ಅದರ ವಿನ್ಯಾಸವನ್ನು ನೋಡಬೇಕು. ಚೆಕ್ಕಿನ ಅಂಕಿಗಳು ಒಂದೇ ಕಿರಿದಾದ ಸಾಲಿನಲ್ಲಿ, ಸಮಾಂತರದಲ್ಲಿ, ಹಲವು ಇಂಚುಗಳ ಉದ್ದಕ್ಕೆ ಹರಡಿ, ಆ ಸಾಲಿನ ಮೇಲೂ ಕೆಳಗೂ ಮೌನವಿರುತ್ತದೆ. ಲೇಸರ್ ಪತ್ರದಲ್ಲಿ ಎಲ್ಲ ಎತ್ತರಗಳಲ್ಲಿಯೂ ಗಲಭೆ. ಪಿನ್ನಿನಲ್ಲಿ ಒಂದೇ ಬಿಂದುವಿನ ಆಘಾತ. ಎತ್ತರಕ್ಕೊಂದರಂತೆ ನಿಂತ ಸಂವೇದಕಗಳ ಸಾಕ್ಷ್ಯಗಳನ್ನು ತಾಳೆಹಾಕಿ, ಜೊತೆಗೆ ಲಕೋಟೆಯ ದಪ್ಪವನ್ನೂ ಅಳೆದು, ಸಂದೇಹ ಬಂದುದನ್ನು ಪ್ರತ್ಯೇಕ ಗೂಡಿಗೆ ಹಾಕುವುದು ವಿವೇಕವೆನಿಸಿಕೊಂಡಿದೆ. ಆ ಗೂಡಿನ ಲಕೋಟೆಗಳನ್ನು ಕೊನೆಗೆ ಮನುಷ್ಯನೇ ಒಡೆದು ನೋಡುತ್ತಾನೆ.

ಇಂಥ ಯಂತ್ರಗಳ ತವರು ಅಮೆರಿಕ. ಅಲ್ಲಿ ವಿದ್ಯುತ್ತು, ದೂರವಾಣಿ, ವಿಮೆಗಳ ಬಾಕಿಯನ್ನು ಗ್ರಾಹಕರು ಚೆಕ್ಕು ಬರೆದು ಅಂಚೆಯಲ್ಲಿ ಕಳುಹಿಸುವುದು ದೀರ್ಘಕಾಲದ ವಾಡಿಕೆ. ಕಂಪನಿಗಳ ಪರವಾಗಿ ಬ್ಯಾಂಕುಗಳೇ ಅಂಚೆಪೆಟ್ಟಿಗೆಯನ್ನು ಬಾಡಿಗೆಗೆ ಹಿಡಿದು, ಬಂದ ಲಕೋಟೆಗಳನ್ನು ತೆರೆದು ಹಣ ಜಮೆಮಾಡುವ ಲಾಕ್‌ಬಾಕ್ಸ್ ಪದ್ಧತಿಯು 1940ರ ದಶಕದಿಂದ ಬೆಳೆದಿದೆ. ಚೆಕ್ಕು ಒಂದು ದಿನ ತಡವಾದರೆ ಒಂದು ದಿನದ ಬಡ್ಡಿ ನಷ್ಟವಾಗುವ ಆ ವ್ಯವಹಾರದಲ್ಲಿ, ಹಣವುಳ್ಳ ಲಕೋಟೆಯನ್ನು ದೂರುಪತ್ರದ ಲಕೋಟೆಗಿಂತ ಮೊದಲು ತೆರೆಯುವುದಕ್ಕಾಗಿ ದುಬಾರಿ ಯಂತ್ರವನ್ನು ಇಟ್ಟರೂ ಲಾಭವೇ. ನಮ್ಮಲ್ಲಿ ಆ ವಾಡಿಕೆ ಬೇರೂರಲಿಲ್ಲ. ವಿದ್ಯುತ್ ಬಿಲ್ಲಿನ ಹಣವನ್ನು ಕಚೇರಿಯ ಕೌಂಟರಿನ ಮುಂದೆ ಸರದಿಯಲ್ಲಿ ನಿಂತು ಕಟ್ಟಿ ರಸೀತಿ ಪಡೆಯುವುದು ರೋಣದ ರೈತನಿಗೂ ಹುಬ್ಬಳ್ಳಿಯ ವ್ಯಾಪಾರಿಗೂ ಸಮಾನವಾದ ರೂಢಿಯಾಗಿತ್ತು; ಅಂಚೆಯಲ್ಲಿ ಹಣ ಕಳುಹಿಸುವುದಾದರೆ ಮನಿಯಾರ್ಡರು ಇತ್ತು. ಕೈಗೆ ರಸೀತಿ ಬಾರದೆ ಹಣ ಕಟ್ಟಿದೆನೆಂದು ನಂಬುವ ಜನ ನಾವಲ್ಲ.

ಹಾಗೆಂದು ಕಾಂತಶಾಯಿಯು ನಮ್ಮ ಟಪಾಲುಚೀಲವನ್ನು ಹೊಕ್ಕೇ ಇಲ್ಲವೆನ್ನುವಂತಿಲ್ಲ. ಕಂಪನಿಗಳ ಡಿವಿಡೆಂಡ್ ವಾರಂಟುಗಳು, ಷೇರು ಹಂಚಿಕೆಯಾಗದವರಿಗೆ ಮರಳಿದ ರಿಫಂಡ್ ಆರ್ಡರುಗಳು ದಶಕಗಳ ಕಾಲ ಅಂಚೆಯಲ್ಲಿಯೇ ಊರೂರಿಗೆ ಬಂದವು. ಪರಸ್ಥಳದ ಚೆಕ್ಕಿನ ಕತೆ ಇನ್ನೂ ಸ್ವಾರಸ್ಯವಾದದ್ದು. ರೋಣದ ಶಾಖೆಯ ಮೇಲೆ ಬರೆದ ಚೆಕ್ಕನ್ನು ಪಡೆದ ಬೆಂಗಳೂರಿನ ವರ್ತಕನು ಅದನ್ನು ತನ್ನ ಬ್ಯಾಂಕಿಗೆ ಕೊಟ್ಟರೆ, ಬ್ಯಾಂಕಿನವರು ಅದನ್ನು ‘ವಸೂಲಿಗೆ’ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ರೋಣಕ್ಕೆ ಕಳುಹಿಸಿ, ಹಣ ಬಂತೆಂಬ ಮರುಟಪಾಲಿಗಾಗಿ ವಾರಗಟ್ಟಲೆ ಕಾಯುತ್ತಿದ್ದರು. ಯಂತ್ರವು ಓದಲೆಂದು ಅಚ್ಚಾದ ಕಾಂತರೇಖೆಯನ್ನು ಹೊತ್ತ ಕಾಗದವು, ಯಾವ ಯಂತ್ರವೂ ಓದದೆ, ಅರಗಿನ ಮುದ್ರೆಯ ಚೀಲದಲ್ಲಿ ಗದಗದ ತನಕ ರೈಲಿನಲ್ಲಿಯೂ ಅಲ್ಲಿಂದ ಮುಂದೆ ಬಸ್ಸಿನಲ್ಲಿಯೂ ಪ್ರಯಾಣ ಮಾಡುತ್ತಿತ್ತು.

ದೇಶದ ಎಲ್ಲೆಡೆಯಿಂದ ಒಂದೇ ವಿಳಾಸಕ್ಕೆ ಲಕೋಟೆಗಳು ಬಂದು ಬೀಳುವ ಸಂದರ್ಭವು ಕರ್ನಾಟಕದಲ್ಲಿಯೇ ಒದಗಿತು, ಆದರೆ ಚೆಕ್ಕಿನಿಂದಲ್ಲ. ಆದಾಯತೆರಿಗೆ ಇಲಾಖೆಯು 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣ ಕೇಂದ್ರವನ್ನು ತೆರೆದು, ಅಂತರ್ಜಾಲದಲ್ಲಿ ಲೆಕ್ಕ ಸಲ್ಲಿಸಿದವರು ಸಹಿಮಾಡಿದ ಐ.ಟಿ.ಆರ್.-ವಿ ಎಂಬ ಒಂದು ಹಾಳೆಯನ್ನು ಎಲೆಕ್ಟ್ರಾನಿಕ್ ಸಿಟಿ ಅಂಚೆಕಚೇರಿಯ 1ನೆಯ ಸಂಖ್ಯೆಯ ಅಂಚೆಚೀಲಕ್ಕೆ, 560100 ಎಂಬ ಪಿನ್‌ಕೋಡಿಗೆ, ಸಾಮಾನ್ಯ ಅಂಚೆಯಲ್ಲಿಯೋ ಸ್ಪೀಡ್ ಪೋಸ್ಟಿನಲ್ಲಿಯೋ ಕಳುಹಿಸಬೇಕೆಂದು ವಿಧಿಸಿತು. ಇಂಕ್‌ಜೆಟ್ ಅಥವಾ ಲೇಸರ್ ಯಂತ್ರದಲ್ಲಿ ಕಪ್ಪುಬಣ್ಣದಲ್ಲಿ ಮುದ್ರಿಸಿರಿ, ಸ್ಟೇಪ್ಲರ್ ಪಿನ್ನು ಹೊಡೆಯದಿರಿ, ಬಾರ್‌ಕೋಡಿನ ಮೇಲೆ ಏನನ್ನೂ ಬರೆಯದಿರಿ ಎಂಬ ಸೂಚನೆಗಳನ್ನು ಓದಿದವರಿಗೆ, ಲಾಕ್‌ಬಾಕ್ಸಿನ ಯಂತ್ರಗಳನ್ನು ಪೀಡಿಸಿದ ಅದೇ ಪಿನ್ನು ಇಲ್ಲಿಯೂ ನಿಷಿದ್ಧವಾದುದು ಕಂಡೀತು. ಇಲ್ಲಿ ಓದುವ ಕೆಲಸವನ್ನು ವಹಿಸಿದ್ದು ಮಾತ್ರ ಬೆಳಕಿಗೆ, ಲಕೋಟೆಯನ್ನು ಒಡೆದ ಮೇಲೆ. ಬರುವ ಲಕೋಟೆಗಳೆಲ್ಲವೂ ಒಂದೇ ಬಗೆಯವಾದುದರಿಂದ ಒಡೆಯುವ ಮೊದಲು ಬೇರ್ಪಡಿಸುವ ಪ್ರಶ್ನೆಯೇ ಏಳಲಿಲ್ಲ.

ಮುಚ್ಚಿದ ಕಾಗದದ ಗೋಪ್ಯತೆಯ ಪ್ರಶ್ನೆಯನ್ನು ಇಲ್ಲಿ ಮುಟ್ಟಲೇಬೇಕು. 1898ರ ಅಂಚೆ ಕಾಯಿದೆಯಾಗಲಿ, ಅದನ್ನು ತೆಗೆದುಹಾಕಿ 2024ರ ಜೂನ್ 18ರಿಂದ ಜಾರಿಗೆ ಬಂದ 2023ರ ಹೊಸ ಕಾಯಿದೆಯಾಗಲಿ, ಸಾಗುತ್ತಿರುವ ಟಪಾಲನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ನಿಯಮಿತ ಕಾರಣಗಳ ಮೇಲೆ ಕೊಟ್ಟಿವೆ. ಸ್ವೀಕರಿಸಿದವನು ತನಗೆ ಬಂದ ಲಕೋಟೆಯನ್ನು ಯಾವ ಉಪಾಯದಿಂದ ಪರೀಕ್ಷಿಸಿದರೂ ಅದು ಅವನ ಸ್ವತ್ತು. ಅದೇ ಸಂವೇದಕವು ಬಟವಾಡೆಗೆ ಮುಂಚಿನ ಹಾದಿಯಲ್ಲಿ ಕುಳಿತರೆ ವಿಷಯ ಬೇರೆ. ಹಣವುಳ್ಳ ಲಕೋಟೆಯನ್ನು ಒಡೆಯದೆ ಗುರುತಿಸುವ ವಿದ್ಯೆಯು ಕಳ್ಳನಿಗೂ ಅಷ್ಟೇ ಪ್ರಿಯವಾಗಬಲ್ಲುದು. ನಮ್ಮಲ್ಲಿ ಆತನು ಇಂದಿನವರೆಗೆ ಬೆರಳಿನ ಸ್ಪರ್ಶವನ್ನೇ ನಂಬಿಕೊಂಡು ಬಂದಿದ್ದಾನೆ.

ಚೆಕ್ಕಿನ ಅಂಚೆಪ್ರಯಾಣವು ಈಗ ಬಹುಮಟ್ಟಿಗೆ ನಿಂತಿದೆ. 2008ರ ಫೆಬ್ರವರಿ 1ರಂದು ದೆಹಲಿಯಲ್ಲಿಯೂ 2011ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿಯೂ ಆರಂಭವಾಗಿ ಕ್ರಮೇಣ ದೇಶವನ್ನೆಲ್ಲ ವ್ಯಾಪಿಸಿದ ಸಿ.ಟಿ.ಎಸ್. ಎಂಬ ವ್ಯವಸ್ಥೆಯಲ್ಲಿ, ಹಣ ಕೇಳುವ ಬ್ಯಾಂಕು ಚೆಕ್ಕಿನ ಚಿತ್ರವನ್ನೂ ಕಾಂತರೇಖೆಯ ಅಂಕಿಗಳನ್ನೂ ತಂತಿಯ ಮೂಲಕ ಕಳುಹಿಸಿ ಕಾಗದವನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಗುಂಪುಗುಂಪಾಗಿ ಕಾಯದೆ ದಿನವಿಡೀ ಒಂದೊಂದಾಗಿ ತೀರುವೆಯಾಗುತ್ತಿವೆ. ಚಿತ್ರದಿಂದಲೇ ಅಂಕಿಗಳನ್ನು ಓದಬಲ್ಲ ಕಾಲದಲ್ಲಿ ಕಬ್ಬಿಣದ ಶಾಯಿಯೇಕೆಂದು ಕೇಳಬಹುದು. ಸಿ.ಟಿ.ಎಸ್.-2010 ಎಂಬ ಮಾನಕವು ಆ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡಿತು. ಠಸ್ಸೆಯೋ ಸಹಿಯೋ ಅಂಕಿಯ ಮೇಲೆ ಬಿದ್ದರೆ ಬೆಳಕಿನ ಕಣ್ಣು ತಡವರಿಸುತ್ತದೆ, ಅಯಸ್ಕಾಂತದ ಸಂವೇದಕಕ್ಕೆ ಸಾಮಾನ್ಯ ಮಸಿಯು ಇಲ್ಲದಂತೆಯೇ ಲೆಕ್ಕ. ಅಲ್ಲದೆ ಬಣ್ಣದ ನಕಲುಯಂತ್ರದಲ್ಲಿ ತೆಗೆದ ಕಳ್ಳಚೆಕ್ಕು ನೋಟಕ್ಕೆ ಎಷ್ಟೇ ಅಸಲಿನಂತಿದ್ದರೂ ಸಾಮಾನ್ಯವಾಗಿ ಅದರ ಅಂಕಿಗಳಲ್ಲಿ ಕಾಂತತ್ವವಿರುವುದಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ತರುವಾಯ ಅದರ ಗ್ರಾಹಕರು ಹಳೆಯ ಚೆಕ್ಕುಪುಸ್ತಕಗಳನ್ನು ಬಿಟ್ಟು ಹೊಸವನ್ನು ಪಡೆಯಬೇಕಾಗಿ ಬಂದುದು ಈ ರೇಖೆಯ ನಡುವಿನ ಬ್ಯಾಂಕಿನ ಅಂಕಿಗಳು ಬದಲಾದುದರಿಂದಲೇ. ಊರನ್ನು ಹೇಳುವ ಮೊದಲ ಮೂರಂಕಿಗಳು ಮಾತ್ರ ಇದ್ದಂತೆಯೇ ಇದ್ದವು.